ತಡೆದವನ ಹೆಸರು

2024ರ ಡಿಸೆಂಬರ್ 4ರಂದು ಮಸ್ಕತ್‌ನಲ್ಲಿ ಭಾರತದ ಕಿರಿಯರ ಹಾಕಿ ತಂಡವು ಪಾಕಿಸ್ತಾನವನ್ನು 5-3ರಿಂದ ಮಣಿಸಿ ಏಷ್ಯಾ ಕಪ್ ಉಳಿಸಿಕೊಂಡಿತು. ನಾಲ್ಕು ಗೋಲುಗಳ ಕೀರ್ತಿ ಅರೈಜೀತ್ ಸಿಂಗ್ ಹುಂಡಲ್ ಅವರಿಗೆ ಸಂದಿತು, ನ್ಯಾಯವೇ. ಆದರೆ ಅವುಗಳಲ್ಲಿ ಮೂರು ಪೆನಾಲ್ಟಿ ಕಾರ್ನರ್‌ನಿಂದ ಬಂದವು. ಅಲ್ಲಿ ಒಬ್ಬನು ಗೆರೆಯಿಂದ ಚೆಂಡನ್ನು ತಳ್ಳುವನು, ಇನ್ನೊಬ್ಬನು ವೃತ್ತದಾಚೆ ತಡೆದು ನಿಲ್ಲಿಸುವನು, ಆಮೇಲಷ್ಟೇ ಹೊಡೆತ. ತಡೆದವನು ತುಸು ತಪ್ಪಿದರೂ ಗೋಲಿಲ್ಲ. ಗೋಲಾದರೂ ಅವನ ಹೆಸರಿಲ್ಲ. ಹೆಚ್ಚು ಅಂಕ ತಂದ ಮಗನನ್ನು ನೆಂಟರಿಷ್ಟರ ಮುಂದೆ ಕೊಂಡಾಡುವ ನಾವು, ಅವನ ಪಾಲಿನ ನೀರು-ಸೌದೆ ಹೊತ್ತ ತಂಗಿಯನ್ನು ಹೆಸರಿಸುತ್ತೇವೆಯೇ? ಬೀಚನಹಳ್ಳಿಯ ನಮಗೆ ದೂರವಲ್ಲದ ಕೊಡಗಿನಲ್ಲಿ 1997ರಲ್ಲಿ ಆರಂಭವಾದ ಕೌಟುಂಬಿಕ ಹಾಕಿ ಹಬ್ಬದಲ್ಲಿ ಮನೆತನವೇ ತಂಡ. ಹಿರಿಯರೂ ಹೆಣ್ಣುಮಕ್ಕಳೂ ಕಣಕ್ಕಿಳಿಯುತ್ತಾರೆ. ಚೆಂಡು ತಡೆದವರಾರೆಂಬುದು ಅಂಚಿನಲ್ಲಿ ಕುಳಿತ ಮನೆಯವರಿಗೆಲ್ಲ ಗೊತ್ತು.