ಹಡಗುಗಳ ಸ್ಕ್ರಬ್ಬರ್ ನೀರನ್ನು ಬಂದರಿನಲ್ಲಿ ಬಿಡದಂತೆ ನಿಷೇಧಿಸಲು ಕೋರಿ ಮನವಿ

ಇವರಿಗೆ:
ಮಾನ್ಯ ಅಧ್ಯಕ್ಷರು,
ನವ ಮಂಗಳೂರು ಬಂದರು ಪ್ರಾಧಿಕಾರ,
ಪಣಂಬೂರು, ಮಂಗಳೂರು.

ಇವರಿಂದ:
ಕೆರೆಬಿಳಚಿ ಗ್ರಾಮಸ್ಥರು,
ಚನ್ನಗಿರಿ ತಾಲ್ಲೂಕು, ದಾವಣಗೆರೆ ಜಿಲ್ಲೆ.

ಮಾನ್ಯರೇ,

ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಶೇ 3.5ರಿಂದ ಶೇ 0.5ಕ್ಕೆ ಇಳಿಸಿದ ಅಂತರರಾಷ್ಟ್ರೀಯ ನಿಯಮ 2020ರ ಜನವರಿ 1ರಂದು ಜಾರಿಗೆ ಬಂತು. ಬಂದರು ಪಟ್ಟಣಗಳ ಗಾಳಿಗೆ ಅದು ಬೇಕಾಗಿಯೇ ಇತ್ತು. ಆದರೆ ಹೆಚ್ಚು ಗಂಧಕದ ಅಗ್ಗದ ಎಣ್ಣೆಯನ್ನೇ ಸುಟ್ಟು, ಹೊಗೆಯನ್ನು ಸ್ಕ್ರಬ್ಬರ್‌ನಲ್ಲಿ ತೊಳೆದುಬಿಡಲೂ ಆ ನಿಯಮದಲ್ಲಿ ಅವಕಾಶವಿದೆ. ತೆರೆದ ಮಾದರಿಯ ಸ್ಕ್ರಬ್ಬರ್‌ನಲ್ಲಿ ಹೊಗೆಯ ಮೇಲೆ ಕಡಲ ನೀರನ್ನು ಸಿಂಪಡಿಸುತ್ತಾರೆ. ಗಂಧಕ ನೀರಿಗಿಳಿದು ಆಮ್ಲವಾಗುತ್ತದೆ. ಅದರೊಂದಿಗೆ ಮಸಿ, ವನೇಡಿಯಂ, ನಿಕ್ಕಲ್ ಮತ್ತು ಎಣ್ಣೆ ಉರಿದಾಗ ಹುಟ್ಟುವ ವಿಷಕಾರಿ ಹೈಡ್ರೋಕಾರ್ಬನ್‌ಗಳೂ ಹಡಗಿನ ಪಕ್ಕದ ಕೊಳವೆಯಿಂದ ಸಮುದ್ರ ಸೇರುತ್ತವೆ. ಅಂತರರಾಷ್ಟ್ರೀಯ ಮಾರ್ಗಸೂಚಿಯ ಲೆಕ್ಕದಂತೆ ಪ್ರತಿ ಮೆಗಾವಾಟ್-ಗಂಟೆಗೆ 45 ಟನ್ ನೀರು ಹೊರಬೀಳುತ್ತದೆ. ಅಂದರೆ 10 ಮೆಗಾವಾಟ್‌ನಲ್ಲಿ ಓಡುವ ಎಂಜಿನ್ ಒಂದು ಗಂಟೆಗೆ 450 ಟನ್ ಬಿಡುತ್ತದೆ. ಒಂದು ಬಗೆಯ ಮಾಲಿನ್ಯವನ್ನು ಇನ್ನೊಂದು ಬಗೆಗೆ ಬದಲಾಯಿಸಬಾರದೆಂದು ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 195ನೇ ವಿಧಿ ಹೇಳುತ್ತದೆ. ಭಾರತ ಅದಕ್ಕೆ 1995ರಲ್ಲೇ ಒಪ್ಪಿಗೆ ನೀಡಿದೆ.

ಇಷ್ಟು ದೊಡ್ಡ ಕಡಲಲ್ಲಿ ಅದೆಲ್ಲ ತೆಳುವಾಗಿ ಹೋಗುತ್ತದೆ ಎಂಬ ವಾದವಿದೆ. ಆಮ್ಲಕ್ಕೆ ಇದು ಸ್ವಲ್ಪಮಟ್ಟಿಗೆ ಸರಿ, ಲೋಹಕ್ಕೆ ಅಲ್ಲ. ಲೋಹ ಕೊಳೆತು ಇಲ್ಲವಾಗುವುದಿಲ್ಲ, ತಳದ ಕೆಸರಿನಲ್ಲಿ ಕೂರುತ್ತದೆ. ಮೇಲಾಗಿ ಪಣಂಬೂರಿನದು ತಡೆಗೋಡೆಗಳ ಹಿಂದೆ ತೋಡಿದ ಬಂದರು. ಅಲ್ಲಿನ ನೀರು ತೆರೆದ ಕಡಲಿನಂತೆ ಹರಿದಾಡುವುದಿಲ್ಲ. ಸೂಳೆಕೆರೆಯ ಆಸುಪಾಸಿನಲ್ಲಿ ಬದುಕುವ ನಮಗೆ, ಕೆರೆಯಂಗಳಕ್ಕೆ ಬಿದ್ದ ಕೊಳೆ ಅಲ್ಲೇ ಉಳಿಯುತ್ತದೆಂದು ಯಾರೂ ಹೇಳಿಕೊಡಬೇಕಿಲ್ಲ. 2021ರಲ್ಲಿ ಪ್ರಕಟವಾದ ಯುರೋಪಿನ ಪ್ರಯೋಗಗಳಲ್ಲಿ, ಬಹಳ ತೆಳುಗೊಳಿಸಿದ ಸ್ಕ್ರಬ್ಬರ್ ನೀರು ಕೂಡ ಕೋಪಿಪಾಡ್ ಎಂಬ ಅತಿ ಸಣ್ಣ ಜಲಜೀವಿಯ ಮರಿಗಳ ಬೆಳವಣಿಗೆಯನ್ನು ಕೆಡಿಸಿತು. ಅಂಥ ಪ್ಲವಕಗಳನ್ನು ತಿಂದೇ ಬಂಗುಡೆ, ಬೂತಾಯಿ ಬದುಕುತ್ತವೆ. ಘಟ್ಟ ಹತ್ತಿ ನಮ್ಮೂರುಗಳ ಸಂತೆಗೂ ಬರುವ ಮೀನುಗಳವು. ಕಡಲು ದೂರವಿದ್ದರೂ ಈ ಮನವಿ ಸಲ್ಲಿಸಲು ಅದೇ ಕಾರಣ.

ಹಡಗು ಕಂಪನಿಗಳು ಕಾನೂನುಬದ್ಧವಾಗಿ ಹಣ ಹೂಡಿವೆ, ನಿಷೇಧಿಸಿದರೆ ಹಡಗುಗಳು ಬೇರೆ ಬಂದರಿಗೆ ಹೋಗುತ್ತವೆ ಎಂಬ ಆತಂಕವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಬಂದರನ್ನೇ ನಂಬಿದ ಕುಟುಂಬಗಳಿವೆ. ಆದರೆ ಸ್ಕ್ರಬ್ಬರ್ ಕಳಚಿಹಾಕಿ ಎಂದು ಯಾರೂ ಕೇಳುತ್ತಿಲ್ಲ. ಬಂದರಿಗೆ ಬರುವಾಗ ಕಡಿಮೆ ಗಂಧಕದ ಎಣ್ಣೆಗೆ ಬದಲಾಯಿಸಿಕೊಂಡರೆ ಸಾಕು. ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸ್ಕ್ರಬ್ಬರ್ ಹಾಕಿಸಿದ ಹಡಗುಗಳ ಪೈಕಿ ಅರ್ಧಕ್ಕೂ ಹೆಚ್ಚಿನವು 2022ರ ಕೊನೆಗೇ ಬಂಡವಾಳ ಹಿಂಪಡೆದಿದ್ದವು. ಸಿಂಗಪುರ ತನ್ನ ಬಂದರಿನಲ್ಲಿ 2020ರಿಂದಲೇ ಈ ನೀರನ್ನು ಬಿಡಗೊಡುತ್ತಿಲ್ಲ, ಆದರೂ ಅದು ಜಗತ್ತಿನ ಅತಿ ದಟ್ಟಣೆಯ ಬಂದರುಗಳಲ್ಲೊಂದಾಗಿಯೇ ಉಳಿದಿದೆ. ಡೆನ್ಮಾರ್ಕ್ 2025ರ ಜುಲೈ 1ರಿಂದ ಕರಾವಳಿಯ 12 ನಾಟಿಕಲ್ ಮೈಲಿಯೊಳಗೆ ತೆರೆದ ಮಾದರಿಯ ನೀರನ್ನು ನಿಷೇಧಿಸಿದೆ.

ಆದ್ದರಿಂದ ಬಂದರು ಮಿತಿಯೊಳಗೆ ತೆರೆದ ಸ್ಕ್ರಬ್ಬರ್‌ಗಳ ನೀರನ್ನು ಬಿಡುವುದನ್ನು ನಿಷೇಧಿಸಬೇಕು. ನೀರನ್ನು ಒಳಗೇ ಮತ್ತೆ ಮತ್ತೆ ಬಳಸುವ ಮುಚ್ಚಿದ ಮಾದರಿಯ ಸ್ಕ್ರಬ್ಬರ್‌ಗಳ ಕೆಸರನ್ನು ದಡದಲ್ಲಿ ಪಡೆದು ಸುರಕ್ಷಿತವಾಗಿ ವಿಲೇವಾರಿ ಮಾಡಬೇಕು. ಬಂದರಿನ ನೀರು ಮತ್ತು ತಳದ ಕೆಸರಿನಲ್ಲಿರುವ ವನೇಡಿಯಂ, ನಿಕ್ಕಲ್ ಪ್ರಮಾಣವನ್ನು ಅಳೆದು, ಫಲಿತಾಂಶವನ್ನು ಮೀನುಗಾರರ ಸಂಘಗಳಿಗೆ ಕನ್ನಡದಲ್ಲಿ ಒದಗಿಸಬೇಕು. ದೇಶದ ಕರಾವಳಿಯುದ್ದಕ್ಕೂ 12 ನಾಟಿಕಲ್ ಮೈಲಿಯವರೆಗೆ ಇದೇ ನಿಷೇಧ ತರುವಂತೆ ನೌಕಾಯಾನ ಮಹಾನಿರ್ದೇಶನಾಲಯಕ್ಕೆ ಶಿಫಾರಸು ಮಾಡಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಕೆರೆಬಿಳಚಿ ಗ್ರಾಮಸ್ಥರು