ಬುಕಾನನ್ನನ ದಿನಚರಿ ಯಾರ ಕಣ್ಣು?

ತುಳುನಾಡಿನ ಜೈನ ಇತಿಹಾಸವನ್ನು ಬರೆಯುವವರು ಮೊದಲು ಕರೆಯುವ ಸಾಕ್ಷಿ ಫ್ರಾನ್ಸಿಸ್ ಬುಕಾನನ್. 1801ರಲ್ಲಿ ಆತ ಬಂಟ್ವಾಳ, ಬೆಳ್ತಂಗಡಿ, ವೇಣೂರುಗಳನ್ನು ಹಾದು ಮೂಡುಬಿದಿರೆಗೆ ಬಂದು ಬಸದಿ, ಬೇಸಾಯ, ಕಂದಾಯಗಳ ವಿವರವನ್ನು ಬರೆದಿಟ್ಟನು. 1807ರಲ್ಲಿ ಅದು ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನು ನಿರ್ಲಿಪ್ತ ಪ್ರವಾಸಿಯ ದಿನಚರಿಯೆಂದು ಉದ್ಧರಿಸುವ ರೂಢಿ ಸಂಶೋಧನ ಪ್ರಬಂಧಗಳಲ್ಲಿ ಬೇರೂರಿದೆ. ಈ ರೂಢಿ ತಪ್ಪು.

ಆತನನ್ನು ಕಳುಹಿಸಿದವನು ಗವರ್ನರ್ ಜನರಲ್ ವೆಲ್ಲೆಸ್ಲಿ. ಶ್ರೀರಂಗಪಟ್ಟಣ ಬಿದ್ದ ಮರುವರ್ಷವೇ ಹೊರಟ ಯಾತ್ರೆಯದು. ಬೆಳ್ತಂಗಡಿಯ ಗಡಾಯಿಕಲ್ಲಿನ ಮೇಲೆ ಟಿಪ್ಪು ಕಟ್ಟಿಸಿದ ಜಮಾಲಾಬಾದ್ ಕೋಟೆ 1799ರಲ್ಲಿ ಕಂಪನಿಯ ವಶವಾಗಿ, ಕೈತಪ್ಪಿ, 1800ರಲ್ಲಿ ಮರಳಿ ದಕ್ಕಿತ್ತು. ಅಂಥ ನೆಲದ ದಾರಿ, ದವಸ, ಜನವರ್ಗಗಳ ವಿವರ ವಿದ್ವತ್ತೂ ಹೌದು, ಬೇಹೂ ಹೌದು.

ಆತ ಬಹಿರಂಗವಾಗಿ ಸಂಚರಿಸಿದನಲ್ಲ ಎಂಬ ಆಕ್ಷೇಪ ನಿಲ್ಲುವುದಿಲ್ಲ. ಕೌಟಿಲ್ಯನ ಗೋಪ, ಸ್ಥಾನಿಕರು ಮನೆಮನೆಯ ಲೆಕ್ಕವನ್ನು ಬಹಿರಂಗವಾಗಿಯೇ ಹಿಡಿಯುತ್ತಾರೆ. ಆ ಲೆಕ್ಕ ನಿಜವೇ ಎಂದು ನೋಡುವವರು ಗೃಹಸ್ಥವೇಷದ ಚರರು. ಹತ್ತನೆಯ ಶತಮಾನದ ಜೈನಮುನಿ ಸೋಮದೇವಸೂರಿಯು 'ನೀತಿವಾಕ್ಯಾಮೃತ'ದಲ್ಲಿ ಚರರಿಗೆಂದೇ ಒಂದು ಸಮುದ್ದೇಶವನ್ನು ಮೀಸಲಿಟ್ಟು, ಅವರನ್ನು ಅರಸನ ಕಣ್ಣುಗಳೆಂದನು. ಅಹಿಂಸಾಧರ್ಮದವರಿಗೆ ಈ ವಿದ್ಯೆಯೇಕೆಂದು ಮೂಗುಮುರಿಯುವವರು ಆ ಗ್ರಂಥವನ್ನು ತೆರೆದವರಲ್ಲ.

ಇಷ್ಟೆಲ್ಲ ಬರೆದಿಟ್ಟುಕೊಂಡ ಕಂಪನಿಗೆ 1837ರಲ್ಲಿ ಕಣ್ಣು ಕಾಣಲಿಲ್ಲ. ಕಂದಾಯವನ್ನು ನಗದಾಗಿ ತೆರಬೇಕೆಂಬ ಕಟ್ಟಳೆಯಿಂದ ರೈತರು ಎಷ್ಟು ಕುದಿಯುತ್ತಿದ್ದರೆಂಬುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕಲ್ಯಾಣಸ್ವಾಮಿಯ ಹೆಸರು ಹೊತ್ತ ಪುಟ್ಟಬಸಪ್ಪನ ದಂಡು ಸುಳ್ಯದ ಕಡೆಯಿಂದ ಬಂಟ್ವಾಳವನ್ನು ಹಾದು ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕಿತು. ನಾಯಕನ ಗುರುತೇ ಮರೆಮಾಚಿದ ಗುರುತು. ಬೇಹಿನ ಪರಿಭಾಷೆಯಲ್ಲಿ ಇದಕ್ಕಿಂತ ಜಾಣ ಹೂಟ ಯಾವುದು?

ಆದರೆ ನೆಲದ ಸುದ್ದಿಯೆಲ್ಲ ಬಲ್ಲ ದಂಡಿಗೆ ಕಡಲ ಸುದ್ದಿ ದಕ್ಕಲಿಲ್ಲ. ಮಂಗಳೂರಿನ ಅಧಿಕಾರಿಗಳು ಕಡಲ ಹಾದಿಯಲ್ಲಿ ಕಣ್ಣನೂರಿಗೆ ಪಾರಾದರು. ಸುಮಾರು ಎರಡು ವಾರಗಳಲ್ಲಿ ಪಟ್ಟಣ ಮತ್ತೆ ಕಂಪನಿಯ ಪಾಲಾಯಿತು. ದಂಡಿನೊಡನೆ ನಿಂತಿದ್ದ ಜೈನ ಅರಸುಮನೆತನದ ಲಕ್ಷ್ಮಪ್ಪ ಬಂಗರಸನನ್ನು ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಲಾಯಿತು. ಆ ಸೋಲಿಗೆ ದ್ರೋಹಿಗಳನ್ನು ಹುಡುಕುವುದು ಉತ್ಸವಭಾಷಣಗಳ ಪರಿಪಾಠವಾಗಿದೆ. ಕಣ್ಣನೂರಿನ ಸುದ್ದಿಯನ್ನು ಮಂಗಳೂರಿಗೆ ಮುಟ್ಟಿಸಬಲ್ಲವರು ದಂಡಿನಲ್ಲಿ ಯಾರಿದ್ದರೆಂದು ಕೇಳುವ ಪ್ರಬಂಧ ಮಾತ್ರ ವಿರಳ.