ರೇಷ್ಮೆಹುಳುವಿನ ಒಡಲಿನ ಹಮಾಲರು

ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ಸೀರೆಯಾಗುವ ರೇಷ್ಮೆ ಎಳೆಯನ್ನು ಮೊದಲು ತಯಾರಿಸುವುದು ಹುಳುವಿನ ಹೊಟ್ಟೆಯೊಳಗಿನ ಗ್ರಂಥಿ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಕಡೆ ಹುಳು ಸಾಕುವವರನ್ನು ಕೇಳಿ ನೋಡಿ. ನಾಲ್ಕನೇ ಜ್ವರ ಎದ್ದ ಹುಳು ಹಗಲಿರುಳೆನ್ನದೆ ಸೊಪ್ಪು ಮೇಯುತ್ತದೆ. ಸುಮಾರು ಒಂದು ವಾರದಲ್ಲಿ ಹಣ್ಣಾಗಿ ಚಂದ್ರಿಕೆಗೆ ಏರುತ್ತದೆ. ಅಷ್ಟರೊಳಗೆ ಗೂಡಿಗೆ ಬೇಕಾದ ಸರಕೆಲ್ಲ ಸಿದ್ಧವಾಗಬೇಕು.

ಎಳೆಯ ಮುಖ್ಯ ಪ್ರೋಟೀನು ಫೈಬ್ರಾಯಿನ್. ಅದರ ದೊಡ್ಡ ಸರಪಳಿಯಲ್ಲಿ 5,263 ಅಮೈನೋ ಆಮ್ಲಗಳಿವೆ. ನೂರಕ್ಕೆ ಸುಮಾರು 46 ಗ್ಲೈಸೀನ್, 30 ಅಲನೀನ್, 12 ಸೆರೀನ್. ಇವನ್ನು ರೈಬೋಸೋಮಿಗೆ ಹೊತ್ತು ತರುವುದು ಸಾಗಣೆ ಆರ್‌ಎನ್‌ಎ. ಅದರ ಬೆನ್ನಿಗೆ ಹೊರೆ ಏರಿಸಲು ಒಂದೊಂದು ಅಮೈನೋ ಆಮ್ಲಕ್ಕೂ ಒಂದೊಂದು ಕಿಣ್ವವಿದೆ.

ರೈಬೋಸೋಮ್ ಹೊರೆಯನ್ನು ಬಿಚ್ಚಿ ನೋಡುವುದಿಲ್ಲ, ವಿಳಾಸವನ್ನಷ್ಟೇ ನೋಡುತ್ತದೆ. 1962ರ ಪ್ರಯೋಗವೊಂದು ಇದನ್ನು ತೋರಿಸಿತು. ಆರ್‌ಎನ್‌ಎ ಮೇಲೆ ಕೂತಿದ್ದ ಸಿಸ್ಟೀನನ್ನು ಅಲ್ಲೇ ಅಲನೀನಾಗಿ ಮಾರ್ಪಡಿಸಿದಾಗ, ಸಿಸ್ಟೀನ್ ಇರಬೇಕಾದ ಜಾಗಕ್ಕೆ ಅಲನೀನ್ ಹೋಗಿ ಸೇರಿತು. ಆದ್ದರಿಂದ ಸರಿ ತಪ್ಪಿನ ಹೊಣೆಯೆಲ್ಲ ಹೊರೆ ಏರಿಸುವ ಕಿಣ್ವದ್ದೇ.

ಈ ಕಿಣ್ವದ ಕೆಲಸ ಎರಡು ಹಂತಗಳದು. ಮೊದಲು ಎಟಿಪಿಯ ಶಕ್ತಿಯಿಂದ ಅಮೈನೋ ಆಮ್ಲವನ್ನು ಚುರುಕುಗೊಳಿಸುತ್ತದೆ, ಆಮೇಲೆ ಅದನ್ನು ಆರ್‌ಎನ್‌ಎ ತುದಿಗೆ ಅಂಟಿಸುತ್ತದೆ. ಒಟ್ಟು ವೇಗವನ್ನು ನಿರ್ಧರಿಸುವುದು ಅತಿ ನಿಧಾನದ ಹಂತ. ಕೆಲವು ಕಿಣ್ವಗಳಲ್ಲಿ ಸಿದ್ಧವಾದ ಹೊರೆಯನ್ನು ಕೈಬಿಡುವುದೇ ನಿಧಾನ. ಬ್ಯಾಕ್ಟೀರಿಯಾದ ಅಲನೀನ್ ಕಿಣ್ವದಲ್ಲಿ ಹಾಗಲ್ಲ. ಅಂಟಿಸುವುದಕ್ಕೆ ಮುಂಚಿನ ಹಂತವೇ ತಡ.

ಹೊರೆ ಹೆಚ್ಚಿದಂತೆ ಕೆಲಸವೂ ಹೆಚ್ಚುತ್ತದೆ, ಆದರೆ ಒಂದು ಮಿತಿಯವರೆಗೆ ಮಾತ್ರ. ಎಲ್ಲ ಹಮಾಲರ ಕೈಯೂ ತುಂಬಿದ ಮೇಲೆ ಮೂಟೆಗಳನ್ನು ಎಷ್ಟು ಪೇರಿಸಿದರೂ ಲಾರಿ ಬೇಗ ತುಂಬದು. ಇನ್ನಷ್ಟು ಹಮಾಲರೇ ಬೇಕು. ರೇಷ್ಮೆ ಗ್ರಂಥಿ ಮಾಡುವುದೂ ಇದನ್ನೇ: ಗ್ಲೈಸೀನ್, ಅಲನೀನ್‌ಗಳ ಸಾಗಣೆ ಆರ್‌ಎನ್‌ಎಗಳನ್ನೂ ಕಿಣ್ವಗಳನ್ನೂ ಹೇರಳವಾಗಿ ತಯಾರಿಸಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕೆ.ಪಿ. ಗೋಪಿನಾಥನ್ ಅವರ ತಂಡ ಈ ಹುಳುವಿನ ಗ್ಲೈಸೀನ್ ಸಾಗಣೆ ಆರ್‌ಎನ್‌ಎ ವಂಶವಾಹಿಗಳನ್ನು ಅಧ್ಯಯನ ಮಾಡಿದೆ.

ಅವಸರದಲ್ಲಿ ತಪ್ಪಾಗದೆ? ಅಲನೀನಿಗಿಂತ ಸೆರೀನಿನಲ್ಲಿರುವುದು ಒಂದೇ ಒಂದು ಆಮ್ಲಜನಕ ಪರಮಾಣು ಹೆಚ್ಚು. ಅಲನೀನ್ ಕಿಣ್ವ ಆಗೀಗ ಮೋಸಹೋಗಿ ಸೆರೀನನ್ನು ಹೊರಿಸಿಬಿಡುತ್ತದೆ. ಅದಕ್ಕೆಂದೇ ಕಿಣ್ವದಲ್ಲಿ ಇನ್ನೊಂದು ಭಾಗವಿದೆ. ಅದು ತಪ್ಪು ಹೊರೆಯನ್ನು ಕತ್ತರಿಸಿ ಇಳಿಸುತ್ತದೆ. ಈ ತಪಾಸಣೆ ತುಸು ಸಡಿಲವಾದ ಇಲಿಗಳಲ್ಲಿ ಮಿದುಳಿನ ನರಕೋಶಗಳು ಸಾಯುತ್ತವೆಂದು 2006ರಲ್ಲಿ ತಿಳಿದುಬಂತು.

ಗ್ರಂಥಿ ವೇಗ ಹೆಚ್ಚಿಸಿಕೊಂಡದ್ದು ಆಳುಗಳನ್ನು ಹೆಚ್ಚಿಸಿ, ತಪಾಸಣೆಯನ್ನು ಕೈಬಿಟ್ಟಲ್ಲ. ಅಂಗಡಿಯಲ್ಲಿ ಸೀರೆಯ ನಯವನ್ನು ಬೆರಳಿನಿಂದ ಸವರಿ ನೋಡುವಾಗ, ನೇಕಾರನ ಜೊತೆಗೆ ಈ ಹಮಾಲರನ್ನೂ ಒಮ್ಮೆ ನೆನೆಯಬಹುದು.